ಟೋಟಲ್ ಸೊನ್ನೆ ಬರುತ್ತಿದೆ, ಲಕ್ಷದ ಕಾಮಾ ಕೆಟ್ಟಿದೆ. ಕನ್ನಡ ಅಂಕಿಯ ಶೀಟ್ ಸರಿ ಮಾಡುವುದು ಹೇಗೆ?

ಅಡಿಕೆಲೆಕ್ಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಾನು ಮಲೆನಾಡಿನ ಕಡೆ ಒಂದು ಸಣ್ಣ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಅಡಿಕೆ, ಕಾಳುಮೆಣಸು, ಸಾಲ, ಠೇವಣಿ ಎಲ್ಲ ನನ್ನ ತಲೆಗೇ. ಮುಂದಿನ ತಿಂಗಳು ವಾರ್ಷಿಕ ಮಹಾಸಭೆ ಇದೆ. ವರದಿ ಪುಸ್ತಕ ಕನ್ನಡದಲ್ಲಿ, ಅಂಕಿಗಳೂ ಕನ್ನಡದಲ್ಲೇ ಇರಬೇಕು ಅನ್ನುವುದು ನಮ್ಮಲ್ಲಿ ಮೊದಲಿನಿಂದ ನಡೆದು ಬಂದ ಪದ್ಧತಿ. ಹಳೇ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಹಾಕಿಕೊಂಡು ಎಕ್ಸೆಲ್‌ನಲ್ಲೇ ಮಾಡುತ್ತಿದ್ದೆ. ಅಂಕಿ ಕನ್ನಡದಲ್ಲಿ ಕಾಣುತ್ತಿತ್ತು, ಟೋಟಲ್ಲೂ ಸರಿಯಾಗಿ ಬರುತ್ತಿತ್ತು. ಯಾವತ್ತೂ ತಲೆ ಕೆಡಿಸಿಕೊಂಡವಳಲ್ಲ.

ಈಗ ಹೊಸ ಲ್ಯಾಪ್‌ಟಾಪ್ ಬಂದಿದೆ. ಹಳೇ ಫೈಲುಗಳನ್ನೆಲ್ಲ ಯಾರದೋ ಕೈಯಲ್ಲಿ ಯೂನಿಕೋಡ್‌ಗೆ ಬದಲಾಯಿಸಿ ಕೊಟ್ಟಿದ್ದಾರೆ. ನೋಡೋಕೆ ಎಲ್ಲ ಚೆನ್ನಾಗಿದೆ, ೧,೨೩,೪೫೬ ಅಂತ ಮುದ್ದಾಗಿ ಕಾಣುತ್ತದೆ. ಆದರೆ ಕೆಳಗೆ ಟೋಟಲ್ ಹಾಕಿದರೆ 0. ಇಡೀ ವರ್ಷದ ವ್ಯವಹಾರ ಸೊನ್ನೆ! ಒಂದು ಶೀಟಿನಲ್ಲಿ ಮಾತ್ರ 18,400 ಅಂತ ಏನೋ ಬಂತು, ಅದು ಎಲ್ಲಿಂದ ಬಂತು ಅನ್ನುವುದೇ ತಿಳಿಯುತ್ತಿಲ್ಲ.

ಎರಡನೆಯದು, ಹೊಸದಾಗಿ ಇಂಗ್ಲಿಷ್ ಅಂಕಿಯಲ್ಲಿ ಟೈಪ್ ಮಾಡಿದರೆ ಕಾಮಾ 1,234,567 ಅಂತ ಬೀಳುತ್ತದೆ. ನಮ್ಮ ಅಧ್ಯಕ್ಷರು ನೋಡಿ "ಇದರಲ್ಲಿ ಲಕ್ಷ ಎಲ್ಲಿದೆಯಮ್ಮಾ" ಅಂತ ಬೆರಳಿಟ್ಟು ಎಣಿಸಿದರು.

ಮೂರನೆಯದು ಇನ್ನೂ ವಿಚಿತ್ರ. ಸಾಲದ ಪಟ್ಟಿಯಲ್ಲಿ ಸದಸ್ಯರ ಜಮೀನಿನ ಸರ್ವೇ ನಂಬರ್ ಹಾಕುತ್ತೇವೆ. 12/3 ಅಂತ ಹಾಕಿದರೆ ಅದು ಡಿಸೆಂಬರ್ ಮೂರು ಆಗಿ ಕೂರುತ್ತದೆ. 118/2 ಅಂತ ಹಾಕಿದರೆ ಏನೂ ಆಗುವುದಿಲ್ಲ. ಯಾಕೆ ಹೀಗೆ? ಮೂರಕ್ಕೂ ಒಂದೇ ಕಾರಣವಾ, ಬೇರೆ ಬೇರೆಯಾ? ಗೊತ್ತಿರುವವರು ಹೇಳಿ ಪುಣ್ಯ ಕಟ್ಟಿಕೊಳ್ಳಿ.

ಹಳೇಡಿಟಿಪಿ:

ಮೇಡಂ, ಮೊದಲನೆಯದು ಓದುತ್ತಿದ್ದ ಹಾಗೇ ನನಗೆ ನಗು ಬಂತು, ಕ್ಷಮಿಸಿ. ಇಪ್ಪತ್ತು ವರ್ಷ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದವನು ನಾನು, ಈ ಕೇಸು ಎಷ್ಟು ಸಲ ನೋಡಿದ್ದೇನೋ.

ಹಳೇ ನುಡಿ ಫಾಂಟುಗಳ ಹೆಸರು ನೆನಪಿದೆಯಾ? ನುಡಿ 01 ಇ, ನುಡಿ 01 ಕೆ ಅಂತ ಜೋಡಿಯಾಗಿ ಇರುತ್ತಿದ್ದವು. ಕೊನೆಗೆ ಇ ಇದ್ದರೆ ಇಂಗ್ಲಿಷ್ ಅಂಕಿ, ಕೆ ಇದ್ದರೆ ಕನ್ನಡ ಅಂಕಿ. ವಿಷಯ ಏನಪ್ಪಾ ಅಂದರೆ, ಸೆಲ್ ಒಳಗೆ ಇದ್ದದ್ದು ಎರಡರಲ್ಲೂ ಮಾಮೂಲಿ 1, 2, 3. ಕೆ ಫಾಂಟು ಅದಕ್ಕೆ ಕನ್ನಡ ಅಂಕಿಯ ವೇಷ ಹಾಕಿ ತೋರಿಸುತ್ತಿತ್ತು, ಅಷ್ಟೇ. ಯಕ್ಷಗಾನದ ವೇಷದ ಹಾಗೆ. ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡರೂ ಒಳಗಿರುವ ಮನುಷ್ಯ ಅದೇ ಮನುಷ್ಯ. ಎಕ್ಸೆಲ್ ನೋಡುವುದು ಒಳಗಿನ ಮನುಷ್ಯನನ್ನು, ಹಾಗಾಗಿ ಟೋಟಲ್ ಬರುತ್ತಿತ್ತು.

ಯೂನಿಕೋಡ್‌ಗೆ ಬದಲಾಯಿಸಿದಾಗ ಏನಾಯಿತು? ಬದಲಾಯಿಸುವ ಸಾಫ್ಟ್‌ವೇರ್ "ಇಲ್ಲಿ ಕನ್ನಡ ಒಂದು ಇದೆ" ಅಂದುಕೊಂಡು ನಿಜವಾಗಿಯೂ ಕನ್ನಡದ ೧ ಅನ್ನೇ ಅಲ್ಲಿ ಕೂರಿಸಿತು. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ನಂಬರ್ ಕೊಡುವ ಪದ್ಧತಿ. ಅದರಲ್ಲಿ ಕನ್ನಡದ ಹತ್ತು ಅಂಕಿಗಳಿಗೆ ಅವುಗಳದೇ ಬೇರೆ ಸ್ಥಾನ ಇದೆ, 3302ರಿಂದ 3311ರವರೆಗೆ. ಎಕ್ಸೆಲ್‌ಗೆ ಅದು ಸಂಖ್ಯೆ ಅಲ್ಲ, ಅಕ್ಷರ. "ಅಡಿಕೆ" ಅನ್ನುವ ಪದ ಹೇಗೋ ೧೨೩ ಕೂಡ ಹಾಗೇ. ಟೋಟಲ್ ಹಾಕುವ ಸಮ್ ಫಂಕ್ಷನ್‌ಗೆ ಒಂದು ಕೆಟ್ಟ ಬುದ್ಧಿ ಇದೆ. ಅಕ್ಷರ ಇರುವ ಸೆಲ್ ಸಿಕ್ಕರೆ ಸುಮ್ನೆ ದಾಟಿಕೊಂಡು ಹೋಗುತ್ತದೆ, ಬಾಯೇ ಬಿಡುವುದಿಲ್ಲ. ಅದೇ ನೀವು ಎರಡು ಸೆಲ್ ನಡುವೆ ಪ್ಲಸ್ ಚಿಹ್ನೆ ಹಾಕಿ ಕೂಡಿದ್ದರೆ ತಪ್ಪು ಅಂತ ಕೂಗುತ್ತಿತ್ತು.

ನಿಮ್ಮ 18,400 ಎಲ್ಲಿಂದ ಬಂತು ಅಂದರೆ, ಆ ಶೀಟಿನಲ್ಲಿ ಯಾರೋ ಒಂದೋ ಎರಡೋ ಸಾಲನ್ನು ಆಮೇಲೆ ಇಂಗ್ಲಿಷ್ ಅಂಕಿಯಲ್ಲಿ ಟೈಪ್ ಮಾಡಿದ್ದಾರೆ. ಅಷ್ಟು ಮಾತ್ರ ಕೂಡಿದೆ. ನಿಜ ಹೇಳಬೇಕು ಅಂದರೆ ಸೊನ್ನೆ ಬಂದ ಶೀಟುಗಳೇ ವಾಸಿ, ಕಣ್ಣಿಗೆ ಹೊಡೆಯುತ್ತದೆ. ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಇದ್ದು ಟೋಟಲ್ ನಂಬುವ ಹಾಗೇ ಬಂದುಬಿಟ್ಟರೆ ಯಾರಿಗೂ ಅನುಮಾನ ಬರುವುದಿಲ್ಲ, ಆಡಿಟ್‌ನಲ್ಲೇ ಗೊತ್ತಾಗುವುದು.

ಮಾಡುವುದು ಇಷ್ಟು. ಮೊದಲು ಫೈಲಿನ ಒಂದು ಕಾಪಿ ಮಾಡಿ ಬೇರೆ ಕಡೆ ಇಡಿ. ಹಣದ ಕಾಲಂ ಆಯ್ಕೆ ಮಾಡಿಕೊಂಡು ಹುಡುಕಿ ಬದಲಾಯಿಸುವ ಕಿಟಕಿ ತೆಗೆಯಿರಿ. ಕಾಮಾ ಇದ್ದರೆ ಮೊದಲು ಅದನ್ನು ತೆಗೆಯಿರಿ, ಬದಲಿಗೆ ಏನೂ ಹಾಕಬೇಡಿ. ಆಮೇಲೆ ೦ ಬದಲು 0, ೧ ಬದಲು 1, ಹೀಗೆ ಹತ್ತು ಸಲ. ಹತ್ತನೆಯದು ಮುಗಿಯುವ ಹೊತ್ತಿಗೆ ಅಂಕಿಗಳು ಒಂದೊಂದಾಗಿ ಸೆಲ್ಲಿನ ಎಡಗಡೆಯಿಂದ ಬಲಗಡೆಗೆ ಹಾರುತ್ತವೆ. ಬಲಕ್ಕೆ ಹಾರಿತು ಅಂದರೆ ಸಂಖ್ಯೆ ಆಯಿತು ಅಂತ ಅರ್ಥ. ಹಾರದೇ ಕೂತಿದ್ದರೆ ಆ ಕಾಲಂಗೆ ಟೆಕ್ಸ್ಟ್ ಅನ್ನುವ ಫಾರ್ಮ್ಯಾಟ್ ಇದೆ. ಅದನ್ನು ಜನರಲ್ ಮಾಡಿ, ಡೇಟಾ ಮೆನುವಿನ ಟೆಕ್ಸ್ಟ್ ಟು ಕಾಲಮ್ಸ್ ತೆಗೆದು ಏನೂ ಮುಟ್ಟದೆ ಫಿನಿಶ್ ಒತ್ತಿ. ಯಾರಾದರೂ ಕಾಲಂ ಪೂರ್ತಿ ನಡುವಿಗೆ ಜೋಡಿಸಿದ್ದರೆ ಈ ಎಡ ಬಲದ ಉಪಾಯ ನಡೆಯುವುದಿಲ್ಲ, ಇಸ್‌ನಂಬರ್ ಫಂಕ್ಷನ್ (ಸೆಲ್ಲಿನಲ್ಲಿ ಇರುವುದು ಸಂಖ್ಯೆಯೋ ಅಲ್ಲವೋ ಅಂತ ಹೇಳುತ್ತದೆ) ಹಾಕಿ ನೋಡಬೇಕು.

ತುಂತುರುಮಳೆ:

ಕಾಮಾ ವಿಷಯ ಸುಲಭ. ಹೊಸ ಲ್ಯಾಪ್‌ಟಾಪ್‌ಗಳು ಎಷ್ಟೋ ಸಲ ಅಮೆರಿಕದ ಸೆಟ್ಟಿಂಗ್‌ನಲ್ಲೇ ಬಂದಿರುತ್ತವೆ. ಕಂಟ್ರೋಲ್ ಪ್ಯಾನೆಲ್, ರೀಜನ್, ಅಡಿಷನಲ್ ಸೆಟ್ಟಿಂಗ್ಸ್. ಅಲ್ಲಿ ಡಿಜಿಟ್ ಗ್ರೂಪಿಂಗ್ ಅಂತ ಇದೆ, 12,34,56,789 ಅಂತ ಇರುವುದನ್ನು ಆರಿಸಿ. ಎಕ್ಸೆಲ್ ಮುಚ್ಚಿ ತೆಗೆಯಿರಿ. ಮುಗಿಯಿತು.

ಆದರೆ ಒಂದು ಮಾತು. ಇಷ್ಟೆಲ್ಲ ಒದ್ದಾಟ ಯಾಕೆ? ಇಂಗ್ಲಿಷ್ ಅಂಕಿಯಲ್ಲೇ ಪ್ರಿಂಟ್ ಹಾಕಿ. ಈಗ ಯಾರು ಕನ್ನಡ ಅಂಕಿ ಓದುತ್ತಾರೆ? ನನ್ನ ಮಗಳಿಗೆ ೭ ಯಾವುದು ೬ ಯಾವುದು ಅಂತಾನೇ ಗೊತ್ತಿಲ್ಲ.

ಅಡಿಕೆಲೆಕ್ಕ:

ಇಬ್ಬರಿಗೂ ಥ್ಯಾಂಕ್ಸ್. @ತುಂತುರುಮಳೆ, ನಿಮ್ಮ ಮಗಳಿಗೆ ಗೊತ್ತಿಲ್ಲದೇ ಇರಬಹುದು, ನಮ್ಮ ಸದಸ್ಯರಲ್ಲಿ ಜಾಸ್ತಿ ಜನ ಅರವತ್ತು ದಾಟಿದವರು. ಪಾಸ್‌ಬುಕ್ಕಿನಲ್ಲೂ ಕೈಯಲ್ಲಿ ೭ ಅಂತಲೇ ಬರೆದುಕೊಳ್ಳುತ್ತಾರೆ. ಇಂಗ್ಲಿಷ್ ಅಂಕಿ ಓದೋಕೆ ಬರುವುದಿಲ್ಲ ಅಂತ ಅಲ್ಲ. ಆದರೆ ವರದಿ ನಮ್ಮದು ಅನ್ನಿಸಬೇಕಲ್ವಾ? ಆ ಚರ್ಚೆ ಇಲ್ಲಿ ಬೇಡ ಬಿಡಿ.

ಕಾಮಾ ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿ ಹೋಯಿತು. ಖುಷಿಯಿಂದ ಫೈಲನ್ನು ಪ್ರಿಂಟ್ ಅಂಗಡಿಗೆ ಕಳಿಸಿದೆ. ಅವರು ಫೋಟೋ ತೆಗೆದು ವಾಟ್ಸಾಪ್ ಮಾಡಿದರು, ಮತ್ತೆ 1,234,567! ಅದೇ ಫೈಲು, ನನ್ನ ಹತ್ತಿರ ಸರಿ ಇದೆ, ಅವರ ಹತ್ತಿರ ತಪ್ಪು.

ಇನ್ನೊಂದು ಅನಾಹುತ ಆಯಿತು. @ಹಳೇಡಿಟಿಪಿ ಅಣ್ಣ, ನೀವು ಹಣದ ಕಾಲಂ ಮಾತ್ರ ಅಂದಿದ್ದಿರಿ, ನಾನು ಅವಸರದಲ್ಲಿ ಇಡೀ ಶೀಟಿಗೇ ಬದಲಾಯಿಸಿಬಿಟ್ಟೆ. ಅಂಕಿಗಳೆಲ್ಲ ಸರಿಯಾಗಿ ಬಲಕ್ಕೆ ಹಾರಿದವು, ಟೋಟಲ್ ಬಂತು. ಆದರೆ ಪಕ್ಕದ ಕಾಲಂನಲ್ಲಿ ಕೆಲವು ಹೆಸರು "ಸ0ಜೀವ", "ಗ0ಗಮ್ಮ" ಅಂತ ಆಗಿವೆ! ಎಲ್ಲ ಹೆಸರೂ ಅಲ್ಲ, ಕೆಲವು ಮಾತ್ರ. ಹೆಸರಿನಲ್ಲಿ ಸೊನ್ನೆ ಎಲ್ಲಿಂದ ಬಂತು?

ಹಳೇಡಿಟಿಪಿ:

ಅಯ್ಯೋ ದೇವರೇ. ಇದನ್ನು ಹೇಳೋಕೆ ಮರೆತಿದ್ದೆ, ತಪ್ಪು ನಂದೇ.

ಕನ್ನಡದ ಸೊನ್ನೆ ೦, ಅನುಸ್ವಾರ ಂ, ಎರಡೂ ನೋಡೋಕೆ ಒಂದೇ ಥರದ ಗುಂಡಗಿನ ಚಿಹ್ನೆ. ಯೂನಿಕೋಡ್‌ನಲ್ಲಿ ಬೇರೆ ಬೇರೆ, ಅನುಸ್ವಾರ 3202, ಸೊನ್ನೆ 3302. ಸರಿಯಾಗಿ ನೂರು ವ್ಯತ್ಯಾಸ, ನೆನಪಿಟ್ಟುಕೊಳ್ಳೋಕೆ ಸುಲಭ. ಟೈಪ್ ಮಾಡುವವರು ಅನುಸ್ವಾರ ಬರಬೇಕಾದ ಕಡೆ ಸೊನ್ನೆ ಒತ್ತಿಬಿಡುತ್ತಾರೆ. ಸ೦ಘ, ಸಂಘ. ಇಲ್ಲಿ ಈ ಎರಡು ಪದ ಇದೆಯಲ್ಲ, ಮೊದಲನೆಯದರಲ್ಲಿ ಇರುವುದು ಅಂಕಿ. ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಇಂಟರ್‌ನೆಟ್ ತುಂಬ ಇಂಥ ಸೊನ್ನೆ ಅನುಸ್ವಾರಗಳು ಬಿದ್ದಿವೆ.

ನಿಮ್ಮ ಪಟ್ಟಿಯಲ್ಲಿ ಎಲ್ಲ ಹೆಸರೂ ಕೆಡದೆ ಕೆಲವು ಮಾತ್ರ ಕೆಟ್ಟದ್ದು ಅದಕ್ಕೇ. ಕೆಟ್ಟವು ಮೊದಲೇ ತಪ್ಪಾಗಿ ಟೈಪ್ ಆಗಿದ್ದ ಹೆಸರುಗಳು, ಈಗ ಬಣ್ಣ ಬಯಲಾಯಿತು. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಅದೇ ಗಂಗಮ್ಮನವರ ಹೆಸರನ್ನು ಬೇರೆ ಶೀಟಿನಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ, ವಿಲುಕಪ್ (ಒಂದು ಪಟ್ಟಿಯಲ್ಲಿ ಇರುವುದನ್ನು ಇನ್ನೊಂದರಲ್ಲಿ ಹುಡುಕುವ ಫಂಕ್ಷನ್) ಹಾಕಿದರೆ ಇಲ್ಲ ಅನ್ನುತ್ತಿತ್ತು, ಅಕಾರಾದಿ ಜೋಡಿಸಿದರೆ ಎಲ್ಲೋ ಹೋಗಿ ಕೂರುತ್ತಿತ್ತು. ಆವಾಗ ಇನ್ನೂ ತಲೆ ಕೆಡುತ್ತಿತ್ತು.

ಈಗ ಹೆಸರಿನ ಕಾಲಂ ಮಾತ್ರ ಆಯ್ಕೆ ಮಾಡಿ, 0 ಬದಲು ಂ ಹಾಕಿ. ಹೆಸರಿನಲ್ಲಿ ನಿಜವಾದ ಸೊನ್ನೆ ಹೇಗೂ ಇರುವುದಿಲ್ಲ. ವಿಳಾಸದ ಕಾಲಂನಲ್ಲಿ ಮಾತ್ರ ಹೀಗೆ ಮಾಡಬೇಡಿ, ಮನೆ ನಂಬರ್ 10 ಇದ್ದದ್ದು 1ಂ ಆಗಿ ಕೂರುತ್ತದೆ. ಅದನ್ನು ಕಣ್ಣಲ್ಲಿ ನೋಡಿಯೇ ತಿದ್ದಬೇಕು, ಬೇರೆ ದಾರಿ ಇಲ್ಲ.

ಕೋಡುಬಳೆ:

ಪ್ರಿಂಟ್ ಅಂಗಡಿಯಲ್ಲಿ ಕಾಮಾ ಯಾಕೆ ಕೆಟ್ಟಿತು ಅಂತ ನಾನು ಹೇಳುತ್ತೇನೆ. ಇದು ನನ್ನ ದಿನನಿತ್ಯದ ಗೋಳು.

ಎಕ್ಸೆಲ್ ಫೈಲಿನ ಒಳಗೆ ಇರುವುದು 1234567 ಅನ್ನುವ ಬರೀ ಸಂಖ್ಯೆ, ಅದರ ಜೊತೆಗೆ #,##0 ಅನ್ನುವ ಒಂದು ಸೂಚನೆ. ಆ ಸೂಚನೆಯ ಅರ್ಥ "ಇಲ್ಲಿ ಗುಂಪು ಮಾಡಿ ಕಾಮಾ ಹಾಕು" ಅಂತ ಮಾತ್ರ. ಎಷ್ಟೆಷ್ಟರ ಗುಂಪು ಅಂತ ಅದು ಹೇಳುವುದಿಲ್ಲ. ಅದನ್ನು ಎಕ್ಸೆಲ್ ಆಯಾ ಕಂಪ್ಯೂಟರಿನ ವಿಂಡೋಸ್‌ನ ಹತ್ತಿರ ಕೇಳಿಕೊಳ್ಳುತ್ತದೆ. ನಿಮ್ಮ ವಿಂಡೋಸ್ "ಮೊದಲು ಮೂರು, ಆಮೇಲೆ ಎರಡೆರಡು" ಅಂತು. ಅಂಗಡಿಯವರದು "ಮೂರು ಮೂರು" ಅಂತು. @ತುಂತುರುಮಳೆ ಅವರು ಹೇಳಿದ್ದು ಸರಿಯೇ, ಆದರೆ ಅದು ನಿಮ್ಮ ಮನೆಯ ಗಡಿಯಾರ ಸರಿ ಮಾಡಿಕೊಂಡ ಹಾಗೆ. ಫೈಲು ಊರು ಬಿಟ್ಟರೆ ಆ ಸೆಟ್ಟಿಂಗ್ ಜೊತೆಗೆ ಹೋಗುವುದಿಲ್ಲ.

ಫೈಲಿನ ಜೊತೆಗೇ ಹೋಗಬೇಕು ಅಂದರೆ ಸೆಲ್ ಫಾರ್ಮ್ಯಾಟ್‌ನ ಕಸ್ಟಮ್‌ನಲ್ಲಿ ಇದನ್ನು ಹಾಕಿ:

[>=10000000]##\,##\,##\,##0;[>=100000]##\,##\,##0;##,##0

ಇಲ್ಲಿ ಹಿಂದೆ ಓರೆಗೆರೆ ಇರುವ ಕಾಮಾ ಗುಂಪಿನ ಕಾಮಾ ಅಲ್ಲ, ಅದು ಬರೀ ಚಿತ್ರ. ಕೋಟಿ ದಾಟಿದರೆ ಇಲ್ಲಿಲ್ಲಿ ಬರೆ, ಲಕ್ಷ ದಾಟಿದರೆ ಇಲ್ಲಿಲ್ಲಿ ಬರೆ, ಅದಕ್ಕಿಂತ ಕಡಿಮೆ ಇದ್ದರೆ ನಿನ್ನ ಇಷ್ಟ, ಅಂತ ಎಕ್ಸೆಲ್‌ಗೆ ಕೈ ಹಿಡಿದು ಹೇಳಿದ್ದೇವೆ. ಲಕ್ಷದ ಒಳಗೆ ಎರಡೂ ಪದ್ಧತಿ ಒಂದೇ ಆದ್ದರಿಂದ ಮೂರನೆಯದಕ್ಕೆ ತೊಂದರೆ ಇಲ್ಲ. ಪೈಸೆ ಬೇಕಿದ್ದರೆ ಮೂರು ಭಾಗದಲ್ಲೂ 0 ಆದ ಮೇಲೆ .00 ಸೇರಿಸಿ.

ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಈ ಥರ ಷರತ್ತು ಎರಡೇ ಹಾಕೋಕೆ ಆಗುವುದು. ಮೈನಸ್ ಸಂಖ್ಯೆಗಳು ಎರಡಕ್ಕೂ ಸಿಗದೆ ಮೂರನೆಯದಕ್ಕೆ ಬೀಳುತ್ತವೆ. ಐದು ಲಕ್ಷ ನಷ್ಟ ಇದ್ದರೆ ಅಮೆರಿಕದ ಸೆಟ್ಟಿಂಗ್‌ನಲ್ಲಿ -500,000 ಅಂತಲೇ ಬರುತ್ತದೆ. ನಿಮ್ಮದು ಸಹಕಾರ ಸಂಘದ ಲೆಕ್ಕ, ಜಮಾ ಒಂದು ಕಡೆ ಖರ್ಚು ಒಂದು ಕಡೆ ಇರುತ್ತದೆ ಅಂದುಕೊಂಡಿದ್ದೇನೆ, ಹಾಗಿದ್ದರೆ ಮೈನಸ್ಸೇ ಬರುವುದಿಲ್ಲ. ನಮ್ಮ ಹಿರಿಯರು ಯೋಚನೆ ಮಾಡಿಯೇ ಎರಡು ಕಾಲಂ ಮಾಡಿದ್ದಾರೆ!

ಇನ್ನು ಕನ್ನಡ ಅಂಕಿ. ಸೆಲ್ ಒಳಗೆ ಕನ್ನಡ ಅಂಕಿ ಟೈಪ್ ಮಾಡಲೇಬೇಡಿ. ಒಳಗೆ ಮಾಮೂಲಿ 1, 2, 3 ಇರಲಿ, ಕನ್ನಡದಲ್ಲಿ ಕಾಣುವಂತೆ ಮಾಡುವುದು ಫಾರ್ಮ್ಯಾಟ್‌ನ ಕೆಲಸ. ಆ ಹಳೇ ಫಾಂಟ್ ಮಾಡುತ್ತಿದ್ದದ್ದೂ ಅದನ್ನೇ. ಎಕ್ಸೆಲ್‌ನಲ್ಲಿ [$-4000439]0 ಅಂತ ಕೊಟ್ಟರೆ ಅಂಕಿ ದೇವನಾಗರಿಯಲ್ಲಿ ಕಾಣುತ್ತದೆ. ಆರಂಭದ 4 ಅನ್ನುವುದು ದೇವನಾಗರಿ ಅಂಕಿಯ ಆಕಾರಕ್ಕೆ ಇರುವ ನಂಬರು, ಕೊನೆಯ 439 ಹಿಂದಿ ಭಾಷೆಯದು. ಕನ್ನಡಕ್ಕೆ ಆರಂಭದ 4 ತೆಗೆದು ಇಂಗ್ಲಿಷ್ ಬಿ ಅಕ್ಷರ ಹಾಕಿ, 439 ತೆಗೆದು 44 ಬರೆದು ಪಕ್ಕದಲ್ಲಿ ಇನ್ನೊಂದು ಬಿ ಹಾಕಿ. ನಡುವಿನ ಮೂರು ಸೊನ್ನೆ ಹಾಗೇ ಇರಲಿ. ಮೇಲಿನ ಉದ್ದದ ಸೂತ್ರದ ಜೊತೆ ಸೇರಿಸಬೇಕು ಅಂದರೆ ಮೂರು ಭಾಗಕ್ಕೂ ಸೇರಿಸಬೇಕು, ಒಂದಕ್ಕೆ ಹಾಕಿದರೆ ಸಾಲದು.

ಇದು ಕಿರಿಕಿರಿ ಅನ್ನಿಸಿದರೆ ಲಿಬ್ರೆ ಆಫೀಸ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಈ ವಿಷಯದಲ್ಲಿ ಅದು ಎಕ್ಸೆಲ್‌ಗಿಂತ ಜಾಣ. ಸೆಲ್ ಫಾರ್ಮ್ಯಾಟ್ ಕಿಟಕಿಯಲ್ಲಿ ಭಾಷೆ ಅಂತಲೇ ಒಂದು ಪಟ್ಟಿ ಇದೆ. ಅಲ್ಲಿ ಕನ್ನಡ ಅಥವಾ ಭಾರತದ ಇಂಗ್ಲಿಷ್ ಆರಿಸಿದರೆ ಬರೀ #,##0 ಇದ್ದರೂ ಲಕ್ಷ ಕೋಟಿಯ ಕಾಮಾ ಬೀಳುತ್ತದೆ. ಆ ಭಾಷೆ ಸೆಲ್ಲಿಗೆ ಅಂಟಿಕೊಂಡು ಫೈಲಿನ ಜೊತೆಗೇ ಹೋಗುತ್ತದೆ. ಕನ್ನಡ ಅಂಕಿ ಬೇಕಿದ್ದರೆ ಸೂತ್ರದ ಆರಂಭದಲ್ಲಿ ಚೌಕ ಕಂಸದಲ್ಲಿ ನ್ಯಾಟ್‌ನಮ್1 ಅಂತ ಇಂಗ್ಲಿಷ್‌ನಲ್ಲಿ, [NatNum1] ಹೀಗೆ, ಬರೆಯಬೇಕು. ಆ ಭಾಷೆಯ ಸ್ವಂತ ಅಂಕಿ ತೋರಿಸು ಅಂತ ಅದರ ಅರ್ಥ. ಗೂಗಲ್ ಶೀಟ್ಸ್‌ನಲ್ಲಾದರೆ ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಭಾರತ ಅಂತ ಮಾಡಿ, ಅದು ಆ ಶೀಟಿಗೆ ಸೇರಿದ್ದು, ಯಾರು ತೆಗೆದರೂ ಹಾಗೇ ಇರುತ್ತದೆ.

ಇವೆಲ್ಲಕ್ಕಿಂತ ಸುಲಭದ್ದು ಬೇಕಾ? ಅಂಗಡಿಗೆ ಎಕ್ಸೆಲ್ ಫೈಲು ಕೊಡಲೇಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ಮೇಲೆ ಪಿಡಿಎಫ್ ಮಾಡಿ ಕೊಡಿ.

ಎಕ್ಸೆಲ್‌ನವರ ಮೇಲೆ ನನಗೆ ಒಂದು ಹೊಟ್ಟೆಕಿಚ್ಚಿನ ದೂರು ಇದೆ. ಥಾಯ್ ಭಾಷೆಯಲ್ಲಿ ಹಣವನ್ನು ಅಕ್ಷರದಲ್ಲಿ ಬರೆಯೋಕೆ ಬಾತ್‌ಟೆಕ್ಸ್ಟ್ ಅಂತ ಒಂದು ಫಂಕ್ಷನ್ನೇ ಇಟ್ಟಿದ್ದಾರೆ. ನಮಗೆ "ಹನ್ನೆರಡು ಲಕ್ಷದ ಮೂವತ್ತನಾಲ್ಕು ಸಾವಿರ ರೂಪಾಯಿ ಮಾತ್ರ" ಅಂತ ಬರೆಯೋಕೆ ಏನೂ ಇಲ್ಲ.

ರೈನ್‌ತೀರ:

ನಾನು ಜರ್ಮನಿಯಲ್ಲಿ ಇರುವುದು. ನಿಮ್ಮ ಕಷ್ಟ ಓದಿ ಸ್ವಲ್ಪ ಸಮಾಧಾನ ಆಯಿತು, ನಾನೊಬ್ಬನೇ ಅಲ್ಲ ಅಂತ. ಇಲ್ಲಿ ಕಾಮಾ ಮತ್ತು ಚುಕ್ಕೆ ಅದಲು ಬದಲು. ಸಾವಿರದ ಇನ್ನೂರೈವತ್ತನ್ನು 1.250 ಅಂತ ಬರೆಯುತ್ತಾರೆ, ನಾಲ್ಕು ಯೂರೋ ಎಂಬತ್ತೈದು ಸೆಂಟನ್ನು 4,85 ಅಂತ.

ಹಿಂದೊಮ್ಮೆ ಇಲ್ಲಿನ ಕನ್ನಡಿಗರೆಲ್ಲ ಸೇರಿ ಮಾಡಿದ ಯುಗಾದಿ ಊಟದ ಲೆಕ್ಕ ನಾನು ಬರೆದಿದ್ದೆ. ಸಿಎಸ್‌ವಿ ಫೈಲು ಮಾಡಿ ಊರಿನಲ್ಲಿದ್ದ ಗೆಳೆಯನಿಗೆ ಸ್ವಲ್ಪ ಚೆಕ್ ಮಾಡು ಮಾರಾಯಾ ಅಂತ ಕಳಿಸಿದೆ. ಅವನ ಭಾರತದ ಎಕ್ಸೆಲ್ ಹಾಲ್ ಬಾಡಿಗೆ 1.250 ಅನ್ನು ಒಂದೂಕಾಲು ಯೂರೋ ಅಂತ ಓದಿತು. ಮಜ್ಜಿಗೆಯ 4,85 ಸಂಖ್ಯೆಯೇ ಅಲ್ಲ, ಅಕ್ಷರ ಅಂತ ಎಡಗಡೆ ಕೂತಿತು, ಟೋಟಲ್‌ಗೆ ಸೇರಲೇ ಇಲ್ಲ. ಅವನು ಫೋನ್ ಮಾಡಿ "ನಿಮ್ಮ ದೇಶದಲ್ಲಿ ಹಾಲ್ ಇಷ್ಟು ಸಸ್ತಾನಾ, ಅಲ್ಲೇ ಬಂದು ಮದುವೆ ಆಗ್ತೀನಿ" ಅಂದ.

ಸಿಎಸ್‌ವಿ ಅನ್ನುವುದು ಬರೀ ಅಕ್ಷರಗಳ ಸಾಲು, ಅದನ್ನು ತೆಗೆಯುವ ಕಂಪ್ಯೂಟರು ತನಗೆ ತಿಳಿದ ಹಾಗೆ ಓದಿಕೊಳ್ಳುತ್ತದೆ. ಮಾಮೂಲಿ ಎಕ್ಸೆಲ್ ಫೈಲಿನಲ್ಲೇ ಕಳಿಸಿದ್ದರೆ ಈ ತೊಂದರೆ ಇರಲಿಲ್ಲ. ಅದರೊಳಗೆ ಸಂಖ್ಯೆ ಎಲ್ಲ ದೇಶಕ್ಕೂ ಒಂದೇ ರೀತಿ ಇರುತ್ತದೆ, ಕಾಣುವುದು ಮಾತ್ರ ಬೇರೆ. ಅದೂ ಅಲ್ಲದೆ ಜರ್ಮನ್ ಸಿಎಸ್‌ವಿಯಲ್ಲಿ ಕಾಲಂಗಳ ನಡುವೆ ಕಾಮಾ ಬದಲು ಅರ್ಧವಿರಾಮ ಇರುತ್ತದೆ, ಕಾಮಾ ಆಗಲೇ ದಶಮಾಂಶಕ್ಕೆ ಖರ್ಚಾಗಿದೆಯಲ್ಲ. ಸಿಎಸ್‌ವಿಯೇ ಸಿಕ್ಕರೆ ಡಬಲ್ ಕ್ಲಿಕ್ ಮಾಡಿ ತೆಗೆಯಬೇಡಿ. ಡೇಟಾ ಮೆನುವಿನಿಂದ ಒಳಗೆ ತನ್ನಿ, ಆಗ ಭಾಷೆ ಕೇಳುತ್ತದೆ. ಕನ್ನಡ ಅಕ್ಷರ ಇದ್ದರಂತೂ ಹೀಗೇ ಮಾಡಬೇಕು. ಅಲ್ಲಿ 65001 ಯೂನಿಕೋಡ್ ಅಂತ ಆರಿಸದಿದ್ದರೆ ಹೆಸರೆಲ್ಲ ಚಿತ್ರ ವಿಚಿತ್ರ ಗೆರೆ ಆಗಿ ಬರುತ್ತವೆ. ಆಗಲೇ ಅಕ್ಷರ ಆಗಿ ಕೂತಿರುವ 4,85 ಅಂಥದ್ದನ್ನು ತಿದ್ದೋಕೆ ನಂಬರ್‌ವ್ಯಾಲ್ಯೂ ಅಂತ ಫಂಕ್ಷನ್ ಇದೆ, 2013ರ ಎಕ್ಸೆಲ್‌ನಿಂದ ಬಂದದ್ದು. ದಶಮಾಂಶಕ್ಕೆ ಇದು, ಸಾವಿರಕ್ಕೆ ಇದು ಅಂತ ಅದಕ್ಕೆ ಹೇಳಿಕೊಡಬಹುದು. ಆದರೆ 1.25 ಆಗಿಹೋದ ಬಾಡಿಗೆಯನ್ನು ಅದು ತಿದ್ದುವುದಿಲ್ಲ. ಅದು ಈಗ ನಿಜವಾದ ಸಂಖ್ಯೆ, ಯಾರಿಗೂ ಅನುಮಾನ ಬಾರದ ಹಾಗೆ ಬಲಗಡೆ ಕೂತಿರುತ್ತದೆ.

ಇಲ್ಲಿ ಫಂಕ್ಷನ್ ಹೆಸರುಗಳೂ ಜರ್ಮನ್. ಸಮ್ ಅಂತ ಇಲ್ಲ, ಸುಮ್ಮೆ. ಮೊದಲನೇ ದಿನ ನಾನು ಅದನ್ನು ಸುಮ್ನೆ ಅಂತ ಓದಿ, ಸುಮ್ನೆ ಕೂತಿರೋದಕ್ಕೂ ಒಂದು ಫಂಕ್ಷನ್ ಇದೆಯಾ ಅಂದುಕೊಂಡಿದ್ದೆ. ಇಫ್‌ಗೆ ವೆನ್, ವಿಲುಕಪ್‌ಗೆ ಎಸ್‌ವೆರ್‌ವೈಸ್. ಫೈಲನ್ನು ಭಾರತಕ್ಕೆ ಕಳಿಸಿದರೆ ಈ ಹೆಸರುಗಳು ತಾವಾಗಿಯೇ ಇಂಗ್ಲಿಷ್ ಆಗುತ್ತವೆ, ಅದರಲ್ಲಿ ಭಯ ಇಲ್ಲ. ಮೋಸ ಇರುವುದು ಟೆಕ್ಸ್ಟ್ ಫಂಕ್ಷನ್‌ನಲ್ಲಿ. ತಾರೀಖನ್ನು ದಿನ, ತಿಂಗಳು, ವರ್ಷ ಅಂತ ಬರೆಸೋಕೆ ನೀವು ಡಿ, ಎಂ, ವೈ ಹಾಕುತ್ತೀರಿ. ಇಲ್ಲಿ ದಿನಕ್ಕೆ ಟಿ, ವರ್ಷಕ್ಕೆ ಜೆ. ಅದು ಉದ್ಧರಣ ಚಿಹ್ನೆಯ ಒಳಗೆ ಇರುವುದರಿಂದ ಎಕ್ಸೆಲ್ ಅದನ್ನು ಅನುವಾದ ಮಾಡುವುದಿಲ್ಲ. ನಿಮ್ಮ ಫೈಲನ್ನು ನಾನು ತೆಗೆದರೆ ವರ್ಷ ಬರಬೇಕಾದ ಕಡೆ ನಾಲ್ಕು ವೈ ನಿಂತಿರುತ್ತವೆ.

ಪಹಣಿಪುರಾಣ:

ಸರ್ವೇ ನಂಬರ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಪಹಣಿ ನೋಡುತ್ತಾ ಬೆಳೆದವನು.

ಅಕ್ಕ, 12/3 ನಿಮಗೆ ಡಿಸೆಂಬರ್ ಮೂರು ಆಯಿತು ಅಂದಿರಲ್ಲ, ಅದರಿಂದಲೇ ನಿಮ್ಮ ಲ್ಯಾಪ್‌ಟಾಪ್ ಅಮೆರಿಕದ ಸೆಟ್ಟಿಂಗ್‌ನಲ್ಲಿ ಇತ್ತು ಅಂತ ಗೊತ್ತಾಗುತ್ತದೆ. ಅವರಲ್ಲಿ ತಿಂಗಳು ಮೊದಲು. ಭಾರತದ ಸೆಟ್ಟಿಂಗ್ ಇದ್ದಿದ್ದರೆ ಮಾರ್ಚ್ ಹನ್ನೆರಡು ಆಗುತ್ತಿತ್ತು. 118/2 ಬಚಾವಾಗಿದ್ದು ಯಾಕೆಂದರೆ 118ನೇ ತಾರೀಖೂ ಇಲ್ಲ, 118ನೇ ತಿಂಗಳೂ ಇಲ್ಲ. ಕೊನೆಗೆ ಅಕ್ಷರ ಇರುವ ಹಿಸ್ಸಾ ನಂಬರುಗಳೂ ಬಚಾವ್.

ಇದರಲ್ಲಿ ಒಂದು ಅಪಾಯ ಇದೆ, ದಯವಿಟ್ಟು ಗಮನ ಇಟ್ಟು ಓದಿ. ತಾರೀಖು ಆದ ಮೇಲೆ ಸೆಲ್ ಒಳಗೆ 12 ಇಲ್ಲ, 3 ಇಲ್ಲ, ಓರೆಗೆರೆಯೂ ಇಲ್ಲ. ಎಕ್ಸೆಲ್ ತಾರೀಖನ್ನು 1900ರ ಜನವರಿ ಒಂದರಿಂದ ಎಣಿಸಿದ ದಿನಗಳ ಲೆಕ್ಕವಾಗಿ ಇಟ್ಟುಕೊಳ್ಳುತ್ತದೆ. 2024ರಲ್ಲಿ ಟೈಪ್ ಮಾಡಿದ 12/3 ಭಾರತದ ಸೆಟ್ಟಿಂಗ್‌ನಲ್ಲಿ 45363, ಅಮೆರಿಕದ್ದರಲ್ಲಿ 45629. ಈಗ ಟೆಕ್ಸ್ಟ್ ಅಂತ ಫಾರ್ಮ್ಯಾಟ್ ಬದಲಾಯಿಸಿದರೆ ಆ 45629 ಬರುತ್ತದೆಯೇ ಹೊರತು 12/3 ಬರುವುದಿಲ್ಲ. ಇನ್ನೊಂದು, ನೀವು ಮೊನ್ನೆ ಕಾಮಾ ಸರಿ ಮಾಡುವಾಗ ರೀಜನ್ನನ್ನೇ ಭಾರತ ಅಂತ ಬದಲಾಯಿಸಿದ್ದರೆ, ಅದಕ್ಕೆ ಮೊದಲು ಟೈಪ್ ಮಾಡಿದವು ಒಂದು ರೀತಿ, ಆಮೇಲೆ ಮಾಡಿದವು ಇನ್ನೊಂದು ರೀತಿ ಆಗಿರುತ್ತವೆ. 5/4 ಮತ್ತು 4/5 ಬೇರೆ ಬೇರೆ ಗದ್ದೆ ಅಲ್ವಾ? ಸಾಲದ ಪಟ್ಟಿಯಲ್ಲಿ ಯಾರದೋ ಜಮೀನು ಯಾರದೋ ಹೆಸರಿಗೆ ಬರುತ್ತದೆ. ಹಾಗಾಗಿ ಸೂತ್ರ ಹಾಕಿ ವಾಪಸ್ ತಿರುಗಿಸೋ ಸಾಹಸ ಬೇಡ. ಪಹಣಿ ಪಕ್ಕದಲ್ಲಿ ಇಟ್ಟುಕೊಂಡು ಹೊಸದಾಗಿ ಟೈಪ್ ಮಾಡಿ.

ಟೈಪ್ ಮಾಡುವ ಮೊದಲೇ ಕಾಲಂ ಪೂರ್ತಿ ಟೆಕ್ಸ್ಟ್ ಫಾರ್ಮ್ಯಾಟ್ ಮಾಡಿ. ಇಲ್ಲಾಂದರೆ ಪ್ರತಿ ನಂಬರಿನ ಆರಂಭದಲ್ಲಿ ' ಹಾಕಿ, ಅದು ಪ್ರಿಂಟ್‌ನಲ್ಲಿ ಬರುವುದಿಲ್ಲ. ಬ್ಯಾಂಕ್ ಖಾತೆ ನಂಬರ್ ಕಾಲಂಗೂ ಇದೇ ಮಾಡಿ. ಎಕ್ಸೆಲ್ 15 ಅಂಕಿ ಮಾತ್ರ ನೆನಪಿಟ್ಟುಕೊಳ್ಳುತ್ತದೆ, 16 ಅಂಕಿಯ ಖಾತೆ ಇದ್ದರೆ ಕೊನೆಯದು ಸೊನ್ನೆ ಆಗಿಬಿಡುತ್ತದೆ. ಆರಂಭದ ಸೊನ್ನೆಗಳೂ ಮಾಯ.

ನಮ್ಮ ನಿಮ್ಮಂಥವರ ಪಾಡು ಬಿಡಿ, ವಿಜ್ಞಾನಿಗಳೇ ಇದಕ್ಕೆ ಸೋತಿದ್ದಾರೆ. ಮಾರ್ಚ್1, ಸೆಪ್ಟ್1 ಅಂತ ಮನುಷ್ಯರ ಜೀನ್‌ಗಳಿಗೆ ಹೆಸರಿತ್ತು, ಎಕ್ಸೆಲ್ ಅವನ್ನು ತಾರೀಖು ಮಾಡುತ್ತಲೇ ಇತ್ತು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಮಾರ್ಚ್ಎಫ್1, ಸೆಪ್ಟಿನ್1 ಅಂತ ಬದಲಾಯಿಸಿದರು. ನಾವು ಸರ್ವೇ ನಂಬರ್ ಬದಲಾಯಿಸೋಕೆ ಆಗುತ್ತದಾ, ತಹಶೀಲ್ದಾರರು ಬಿಡುತ್ತಾರಾ?

ಅಡಿಕೆಲೆಕ್ಕ:

ಮೂರು ದಿನ ಆಯಿತು, ಕೂತು ಎಲ್ಲ ಮಾಡಿದೆ.

ಹಣದ ಕಾಲಂ ಎಲ್ಲ ಇಂಗ್ಲಿಷ್ ಅಂಕಿಗೆ ಬಂತು, ಟೋಟಲ್ ಹಳೇ ಮುದ್ರಿತ ವರದಿಗೆ ತಾಳೆ ಆಯಿತು, ಒಂದು ರೂಪಾಯಿ ವ್ಯತ್ಯಾಸ ಇಲ್ಲ. ಗಂಗಮ್ಮನವರೂ ಸಂಜೀವಣ್ಣನೂ ಸರಿ ಹೋದರು. @ಕೋಡುಬಳೆ ಅವರ ಉದ್ದದ ಸೂತ್ರ ಎಕ್ಸೆಲ್‌ನಲ್ಲಿ ಹಾಕಿದೆ, ಕಾಮಾ ಸರಿ ಬಂತು. ಆದರೆ ಕನ್ನಡ ಅಂಕಿಗೆ ಆ ಬಿ ಎರಡು ಕಡೆ, ಮೂರು ಭಾಗಕ್ಕೂ ಹಾಕುವಷ್ಟರಲ್ಲಿ ನಾಲ್ಕು ಸಲ ತಪ್ಪಿತು. ಸಾಕಪ್ಪಾ ಅಂತ ಲಿಬ್ರೆ ಆಫೀಸ್ ಹಾಕಿಕೊಂಡು ಭಾಷೆ ಕನ್ನಡ ಮಾಡಿ ನ್ಯಾಟ್‌ನಮ್ ಬರೆದೆ. ೧೨,೩೪,೫೬೭ ಅಂತ ಬಂತು! ಒಳಗೆ ಸೆಲ್ ಕ್ಲಿಕ್ ಮಾಡಿದರೆ ಮೇಲಿನ ಪಟ್ಟಿಯಲ್ಲಿ 1234567. ನಮ್ಮ ಆಫೀಸಿನ ಹುಡುಗನನ್ನು ಕರೆದು ತೋರಿಸಿದೆ, ಅವನಿಗೆ ಇದರಲ್ಲಿ ಏನು ವಿಶೇಷ ಅಂತ ಅರ್ಥ ಆಗಲಿಲ್ಲ.

ಸರ್ವೇ ನಂಬರ್ ಮಾತ್ರ @ಪಹಣಿಪುರಾಣ ತಮ್ಮ ಹೇಳಿದ್ದೇ ನಿಜ. ನಾನು ರೀಜನ್ ಬದಲಾಯಿಸಿದ್ದೆ. 140 ಸದಸ್ಯರಲ್ಲಿ 37 ನಂಬರ್ ತಾರೀಖು ಆಗಿದ್ದವು, ಅದರಲ್ಲಿ ಕೆಲವು ಹಿಂದು ಮುಂದು. ಪಹಣಿ ಫೈಲು ತೆಗೆದು ಒಂದೊಂದೇ ತಿದ್ದಿದೆ. 6/6 ಅಂತ ಒಬ್ಬರದು ಇತ್ತು, ಅದು ಯಾವ ದೇಶದ ಸೆಟ್ಟಿಂಗ್ ಆದರೂ ಜೂನ್ ಆರೇ, ಅವರೊಬ್ಬರೇ ಪುಣ್ಯವಂತರು.

ಪಿಡಿಎಫ್ ಅಂಗಡಿಗೆ ಹೋಗಿದೆ. ಒಂದೇ ಸಂಶಯ ಉಳಿದಿದೆ. ಪುಟದ ಸಂಖ್ಯೆಗಳು ಕೆಳಗೆ ಇಂಗ್ಲಿಷ್‌ನಲ್ಲೇ ಬಂದಿವೆ. ಅದನ್ನು ಕನ್ನಡ ಮಾಡೋದು ಹೇಗೆ ಅಂತ ಬೇರೆ ಪ್ರಶ್ನೆ ಹಾಕುತ್ತೇನೆ, ಇವತ್ತು ಬೇಡ.